ಹತ್ತಿ ಬಿಸಿಲಿಗೆ ಹಾಕಿದ ದಿನ

ಹೊಳೆಯಂಚಿನ ಓಣಿಯಲ್ಲಿ ಹಾಸಿಗೆಯಕ್ಕ ಎಂದರೆ ಗೊತ್ತಿಲ್ಲದವರಿರಲಿಲ್ಲ. ಗಂಡ ಯಂತ್ರದಲ್ಲಿ ಹತ್ತಿ ಹಿಂಜಿ ಕೊಡುತ್ತಿದ್ದ, ಇವಳು ತುಂಬಿ ಹೊಲಿಯುತ್ತಿದ್ದಳು. ಬಾಣಂತಿಯಿಂದ ಹಿಡಿದು ಹಣ್ಣು ಮುದುಕರವರೆಗೆ ಊರಿಗೆ ಊರೇ ಅವಳ ಹೊಲಿಗೆಯ ಮೇಲೆ ಮಲಗೇಳುತ್ತಿತ್ತು.

ಚಂಡಮಾರುತ ಬರುತ್ತದೆಂದು ಸುದ್ದಿಯಾದಾಗ ಗಂಡಹೆಂಡತಿ ಸೇರಿ ಹತ್ತಿಯನ್ನೆಲ್ಲ ಅಟ್ಟಕ್ಕೇರಿಸಿದರು, ಯಂತ್ರವನ್ನು ಎತ್ತರದ ಕಟ್ಟೆಯ ಮೇಲಿಟ್ಟರು. ಗಾಳಿ ನಾಲ್ಕು ಹೆಂಚು ಹಾರಿಸಿತು, ಮಳೆ ಸುರಿಯಿತು, ಹೋಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ. ಶೀತ ತಾಕಿದ ಹತ್ತಿಯನ್ನು ಮೊದಲ ಬಿಸಿಲಿಗೇ ಹರವಬೇಕು, ಇಲ್ಲದಿದ್ದರೆ ಮುಗ್ಗು ಹಿಡಿಯುತ್ತದೆ. ಹುಟ್ಟಿದಾಗಿನಿಂದ ಹತ್ತಿಯಲ್ಲೇ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಡ ಮಾತ್ರ ಹಿತ್ತಲಿನಿಂದ ಬಂದವನು ತಲೆ ಕೆರೆದುಕೊಂಡ. "ಹೊಳೆ ಬಣ್ಣ ಯಾಕೋ ಸರಿಯಿಲ್ಲ ಕಣೇ. ಇವತ್ತೊಂದಿನ ಅಟ್ಟದಲ್ಲೇ ಇರಲಿ."

"ಮೈ ಬಗ್ಗಿಸೋಕೆ ಸೋಮಾರಿತನ ಅನ್ನಿ. ಪಾಪ, ಹೊಳೆ ಮೇಲ್ಯಾಕೆ ಹಾಕ್ತೀರಿ?"

ಅವನು ನಕ್ಕು ಇಳಿಸಿದ. ಅಂಗಳದ ತುಂಬ ಹತ್ತಿ ಬೆಳ್ಳಗೆ ಹರಡಿತು. ಹೇಗೂ ಕೆಲಸ ಶುರುವಾಗಬೇಕಲ್ಲ ಎಂದು ಯಂತ್ರವನ್ನೂ ಇಳಿಸಿ, ಬಿಚ್ಚಿ, ಎಣ್ಣೆ ಹಾಕಲು ಕೂತ. ಮೇಲಿನ ಬೆಟ್ಟಗಳಲ್ಲಿ ಬಿದ್ದ ಮಳೆ ಇನ್ನೂ ದಾರಿಯಲ್ಲಿದೆ ಎಂಬುದು ಬಿಸಿಲು ಕಾಯಿಸುತ್ತಿದ್ದ ಓಣಿಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಊಟಕ್ಕೆ ಕೂತಾಗ ಮೊದಲು ಬಚ್ಚಲ ತೂಬಿನಿಂದ ನೀರು ಹಿಂದಕ್ಕೆ ಉಕ್ಕಿತು. ಆಮೇಲೆ ಬೀದಿಯಿಂದಲೇ ನುಗ್ಗಿತು. ಗಂಡ ಒಳಕೋಣೆಯಲ್ಲಿದ್ದ ತನ್ನ ಮುದಿ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಶಾಲೆಯ ಮಹಡಿಗೆ ಓಡಿದ. ಇವಳು ಸೊಂಟಮಟ್ಟದ ನೀರಿನಲ್ಲಿ ನಿಂತು ಹತ್ತಿ ಬಾಚಿದಳು. ಬಾಚಿದಷ್ಟೂ ಅದು ನೀರು ಕುಡಿದು ಕಲ್ಲಾಯಿತು. ಕೊನೆಗೆ ಪಕ್ಕದ ಮನೆಯವರು ರಟ್ಟೆ ಹಿಡಿದು ಎಳೆದೊಯ್ಯಬೇಕಾಯಿತು.

ನೀರು ಇಳಿದ ಮೇಲೆ ಅಂಗಳದಲ್ಲಿ ಉಳಿದದ್ದು ಕೆಸರಿನ ಉಂಡೆಗಳು. ಆದರೂ ಅವಳು ಸೋಲೊಪ್ಪಲಿಲ್ಲ. ಊರಿನ ಹಾಸಿಗೆಗಳೆಲ್ಲ ಹಾಳಾಗಿವೆ, ಯಂತ್ರವೊಂದು ತಿರುಗಿದರೆ ಸಾಕು, ವರ್ಷವಿಡೀ ಕೈತುಂಬ ಕೆಲಸ ಎಂದು ಗಂಡನಿಗೆ ಹೇಳಿದಳು. ಅವನು ಯಂತ್ರದ ಉರುಳೆಯ ಹಲ್ಲು ಹಲ್ಲಿನ ನಡುವಿನ ಕೆಸರು ಕೆದಕಿದ. ಇವಳು ಹತ್ತಿ ತೊಳೆದು, ಒಣಗಿಸಿ, ಕೋಲಿನಲ್ಲಿ ಬಡಿದಳು. ಯಂತ್ರ ತಿರುಗಿತು. ಮೊದಲ ಹಿಡಿ ಹತ್ತಿ ಒಳಗೆ ಹೋಗುತ್ತಿದ್ದಂತೆ, ಅದರಲ್ಲಿ ಅಡಗಿದ್ದ ಮರಳಿಗೆ ಉರುಳೆ ಕರಕರ ಎಂದು, ಹಲ್ಲುಗಳು ಕಿತ್ತು ಬಂದು, ನಿಂತುಬಿಟ್ಟಿತು. ಅವನು ಬಗ್ಗಿ, ಕಿತ್ತು ಬಿದ್ದ ಹಲ್ಲುಗಳನ್ನು ಆಯತೊಡಗಿದ. ಅವತ್ತೇ ಇಳಿಸಬೇಡ ಅಂದಿದ್ದೆ ಎಂದು ಬೈದಿದ್ದರಾದರೂ ಅವಳಿಗೆ ಹಗುರವಾಗುತ್ತಿತ್ತು.

ಅದೇ ವಾರ ಬೀದಿ ತುದಿಗೆ ಪರಿಹಾರದ ಲಾರಿಗಳು ಬಂದವು. ಮನೆಗೊಂದರಂತೆ ಫೋಮ್ ಹಾಸಿಗೆ. ಪಕ್ಕದ ಮನೆಯಾಕೆ ತನ್ನದನ್ನು ತಲೆಯ ಮೇಲೆ ಹೊತ್ತು ಬಂದು, "ಎಷ್ಟು ಹಗುರ ನೋಡಕ್ಕಾ, ಹಿಂಜೋ ಹಾಗೂ ಇಲ್ಲ, ಬಿಸಿಲಿಗೆ ಹಾಕೋ ಹಾಗೂ ಇಲ್ಲ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಸಂಜೆ ಗಂಡ ಹೊಸ್ತಿಲಲ್ಲಿ ನಿಂತು ನೆಲ ನೋಡುತ್ತ ಹೇಳಿದ: "ಲಾರಿಯಿಂದ ಹಾಸಿಗೆ ಇಳಿಸೋಕೆ ಆಳು ಬೇಕಂತೆ. ಬರ್ತೀನಿ ಅಂದಿದೀನಿ."

"ಹೋಗಿ," ಎಂದಳು.

ಅವಳು ಮಿಕ್ಕ ಹತ್ತಿಯನ್ನು ಬುಟ್ಟಿಗೆ ತುಂಬಿ ಬೀದಿಯ ಕಸದ ರಾಶಿಗೆ ಹೊತ್ತೊಯ್ದಳು. ಅಲ್ಲಿ ಊರವರು ಬಿಸಾಡಿದ ಹಾಸಿಗೆಗಳು ಹೊಟ್ಟೆಯುಬ್ಬಿ ಬಿದ್ದಿದ್ದವು. ಎಲ್ಲವೂ ಅವಳ ಕೈಯ ಹೊಲಿಗೆಯೇ. ಬುಟ್ಟಿಯನ್ನು ಅವುಗಳ ಮೇಲೆ ಬೋರಲು ಹಾಕಿ, ಇನ್ನೊಂದು ಹೊರೆ ತರಲು ಮನೆಗೆ ತಿರುಗಿದಳು.