ಅಕ್ಕನ ಕುರ್ಚಿ

ಕಳೆದ ತಿಂಗಳು ತುಂಬಿದ ಸಭೆಯಲ್ಲಿ ಅಕ್ಕ ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು. ಅವತ್ತು ಸಿಟ್ಟು ಬಂದಿತ್ತು. ಇವತ್ತು ಅದನ್ನೇ ಪೇಪರಿನಲ್ಲಿ ಬರೆದು ಹೇಳಿಕೊಳ್ಳುವಷ್ಟು ಹೆಮ್ಮೆ.

ಅಕ್ಕ ಗಂಗವ್ವ, ಬ್ಯಾಡಗಿ ಪಕ್ಕದ ನಮ್ಮೂರ ಗ್ರಾಮ ಪಂಚಾಯ್ತಿ ಮೆಂಬರ್. ಹೊಸ ಕಾಯ್ದೆ ಬಂದು ಹೆಂಗಸರಿಗೆ ಸೀಟು ಮೀಸಲಾದಾಗ ಗೆದ್ದವಳು. ಗೆದ್ದವಳು ಅವಳು, ಹಾರ ಹಾಕಿಸಿಕೊಂಡವನು ನಾನು. (ನಗಬೇಡಿ, ನಿಮ್ಮೂರಲ್ಲೂ ಹೀಗೇ ಆಗಿರುತ್ತದೆ.)

ಮೀಟಿಂಗಿನ ಪದ್ಧತಿ ಗೊತ್ತಲ್ಲ? ಮೆಂಬರ್ ಹೆಂಗಸರು ಹಿಂದೆ ಜಮಖಾನದ ಮೇಲೆ. ಅವರ ಗಂಡನೋ ತಮ್ಮನೋ ಮುಂದೆ ಕುರ್ಚಿಯಲ್ಲಿ. ಅಧ್ಯಕ್ಷರು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ನಮ್ಮ ಕೆಲಸ. ಏಳನೇ ಕ್ಲಾಸು ದಾಟದ ನನಗೆ ಅಷ್ಟು ಮರ್ಯಾದೆ ಬೇರೆಲ್ಲಿ ಸಿಗಬೇಕು?

ಅವತ್ತಿನ ವಿಷಯ ಬೋರ್‌ವೆಲ್. ಸಿಕ್ಕಿದ್ದು ಒಂದೇ. ಎಲ್ಲಿ ಕೊರೆಸಬೇಕೆಂದು ಗ್ರಾಮಸಭೆ ತೀರ್ಮಾನಿಸಬೇಕು. ಊರಾಚೆಯ ಲಂಬಾಣಿ ತಾಂಡಾದಲ್ಲಿ ನೀರಿಲ್ಲ. ಆದರೆ ಗ್ರಾಮಸಭೆ ಯಾವಾಗಲೂ ಊರ ಗುಡಿಯ ಮುಂದೆ. ತಾಂಡಾದವರು ಬಂದರೂ ದೂರ ನಿಂತು, ಮಾತಾಡದೆ ಹೋಗುತ್ತಾರೆ. ಈ ಸಲ ಸಭೆ ನಿಮ್ಮಲ್ಲೇ ಮಾಡಿಸುತ್ತೇನೆಂದು ಅಕ್ಕ ಅಲ್ಲಿಯ ಹೆಂಗಸರಿಗೆ ಮಾತು ಕೊಟ್ಟಿದ್ದಳು. ನನಗೂ ಹೇಳಿದ್ದಳು.

ಅಧ್ಯಕ್ಷರು, ಗ್ರಾಮಸಭೆ ಗುಡಿ ಮುಂದೇ ಇಟ್ಟುಕೊಳ್ಳೋಣ ಅಲ್ಲವೇ ಎಂದರು. ನಾನು ಹೂಂ ಅಂದುಬಿಟ್ಟೆ.

ಮರೆತಿದ್ದೆನೇ? ಇಲ್ಲ. ಅಧ್ಯಕ್ಷರ ಎದುರು ಬೇಡ ಅನ್ನುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಅಕ್ಕ ಜಮಖಾನದಿಂದ ಎದ್ದು ಬಂದಳು.

“ತಮ್ಮಾ, ನಿನಗ ಯಾರು ಓಟು ಹಾಕ್ಯಾರ?”

ನಾನು ಅಧ್ಯಕ್ಷರ ಕಡೆ ನೋಡಿದೆ.

“ಯಾರೂ ಹಾಕಿಲ್ಲಂದ್ರ ಏಳು. ಅದು ನನ್ನ ಕುರ್ಚಿ.”

ಎದ್ದೆ. ಅವಳು ಕೂತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಗಂಡಂದಿರ ಹಿಂದೆ ಬಂದು ನಿಂತರು. (ಆ ಗಂಡಂದಿರ ಮುಖ ನೋಡಬೇಕಿತ್ತು!) ಗ್ರಾಮಸಭೆ ತಾಂಡಾದಲ್ಲೇ ಎಂದು ತೀರ್ಮಾನವಾಯಿತು.

ಈ ವಾರ ಅಲ್ಲಿ, ಬೇವಿನ ಮರದ ಕೆಳಗೆ ಎಲ್ಲ ಸೇರಿದ್ದೆವು. ಅಜ್ಜಿಯೊಬ್ಬಳು ತನ್ನ ಮಾತಿನಲ್ಲಿ ಏನೋ ಕೇಳಿದಳು. ಸೆಕ್ರೆಟರಿಗೆ ತಿಳಿಯಲಿಲ್ಲ. ಅಕ್ಕ ಲಂಬಾಣಿಯಲ್ಲೇ ಉತ್ತರ ಕೊಟ್ಟಳು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ವರ್ಷಗಟ್ಟಲೆ ಆ ಹೆಂಗಸರ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕಲಿತ ಮಾತು. ಒಂದೇ ಮನೆಯಲ್ಲಿರುವ ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದು ಹೇಗೆ? ಅವಳಿಗೆ ಮಾತಾಡಲು ಬಿಟ್ಟರಲ್ಲವೇ?

ನಾವು ಓಟಿಗಷ್ಟೇ ಈ ಊರಿನವರೋ, ನೀರಿಗೂ ಈ ಊರಿನವರೋ ಎಂದು ಅಜ್ಜಿ ಕೇಳಿದ್ದಳಂತೆ. ನೀರಿಗೂ ಅಂದಿದ್ದಳು ಅಕ್ಕ. ಬೋರ್‌ವೆಲ್ ತಾಂಡಾಕ್ಕೆ ಎಂದಾಗ ಊರಿನವರೂ ಕೈ ಎತ್ತಿದರು.

ದೇಶ ಒಂದಾಗಿರಬೇಕೆಂದು ರೇಡಿಯೋ ದಿನಾ ಹೇಳುತ್ತದೆ. ಹಾವೇರಿ, ರಾಣೆಬೆನ್ನೂರಿನ ಭಾಷಣಗಳಲ್ಲೂ ಕೇಳಿ ಚಪ್ಪಾಳೆ ತಟ್ಟಿದ್ದೇನೆ. ಕಣ್ಣಾರೆ ಕಂಡಿದ್ದು ಮಾತ್ರ ಆ ಬೇವಿನ ಮರದ ಕೆಳಗೆ, ಎಲ್ಲರ ಹಿಂದೆ ನಿಂತು.

ತಮ್ಮಂದಿರೇ, ನೀವು ಕೂತಿರುವ ಕುರ್ಚಿ ಯಾರದು?