ಬಿಚ್ಚದೆ ತಂದ ತರಕಾರಿ ಗಂಟು

ಸಂತೆಗೆ ಹೊರಟ ನನ್ನ ಕೈಗೆ ನಮ್ಮ ಅತ್ತೆ ದುಡ್ಡು ಕೊಡುತ್ತಿದ್ದ ರೀತಿಯನ್ನು ಈಗ ಯಾರಿಗಾದರೂ ಹೇಳಿದರೆ ನಗುತ್ತಾರೆ. ಹಳೇ ಪಂಚೆಯ ಒಂದು ತುಂಡು. ಅದರ ಒಂದು ಮೂಲೆಯಲ್ಲಿ ತರಕಾರಿಯ ದುಡ್ಡು, ಇನ್ನೊಂದರಲ್ಲಿ ಮೆಣಸಿನಕಾಯಿ ಕೊತ್ತಂಬರಿಯದು, ಮತ್ತೊಂದರಲ್ಲಿ ಬೆಲ್ಲ ಎಣ್ಣೆಯದು. ಮೂರಕ್ಕೂ ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾದಂಥ ಗಂಟು. ಒಂದು ಗಂಟಿನ ದುಡ್ಡು ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ಮೆಣಸಿನಕಾಯಿ ತುಟ್ಟಿಯಾದರೆ ಆ ವಾರ ಸಾರು ಸಪ್ಪೆ, ಅಷ್ಟೇ.

ಅದು ಹೊಸ ಪೈಸೆ ಬಂದ ಕಾಲ. ಸಂತೆಯವರೆಲ್ಲ ಆಣೆಯಲ್ಲೇ ಮಾತಾಡಿ ಪೈಸೆಯಲ್ಲಿ ಚಿಲ್ಲರೆ ಕೊಡುತ್ತಿದ್ದರು. ಆ ಗೊಂದಲದಲ್ಲಿ ಊರಿಗೆ ಊರೇ ಮೋಸ ಹೋದರೂ ಅತ್ತೆ ಹೋಗುತ್ತಿರಲಿಲ್ಲ. ನನಗೂ ಅದನ್ನೇ ಕಲಿಸಿದ್ದರು: ಮೊದಲು ಬಾಯಿ ಬಿಡದೆ ಸಂತೆಯನ್ನೆಲ್ಲ ಒಂದು ಸುತ್ತು ಹಾಕಬೇಕು. ಕೊಟ್ಟ ಚಿಲ್ಲರೆಯನ್ನು ಅಲ್ಲೇ ನಿಂತು ಎಣಿಸಬೇಕು. ಸೊಪ್ಪು ಮೊದಲ ದಿನಕ್ಕೆ, ಬದನೆ ಹೀರೆ ನಡುವಿಗೆ, ಕುಂಬಳಕಾಯಿ ಕೊನೆಗೆ. ಮುಂದಿನ ಸಂತೆಯ ಹಿಂದಿನ ದಿನ ಹುರುಳಿ ಸಾರು, ಯಾರೂ ಮುಖ ಸಿಂಡರಿಸಕೂಡದು.

ಅವರ ಬಿಗಿಗೆ ಕಾರಣವಿತ್ತು. ನನ್ನ ಗಂಡ ಸೊರಬದ ಕಚೇರಿಯೊಂದರಲ್ಲಿ ಗುಮಾಸ್ತ. ಮೈದುನ ಶಿವಮೊಗ್ಗದಲ್ಲಿ ಓದುತ್ತಿದ್ದ. ಸಂಬಳ ಬಂದ ದಿನವೇ ಅವನಿಗೆ ಮನಿಆರ್ಡರ್ ಹೋಗುತ್ತಿತ್ತು, ಮಿಕ್ಕಿದ್ದರಲ್ಲಿ ನಾವು. ಅತ್ತೆ ಶಿಕಾರಿಪುರದ ಸ್ವಂತ ಮನೆಗೆ ಬೀಗ ಹಾಕಿ ಮಗನ ಹಿಂದೆ ಈ ಬಾಡಿಗೆ ಮನೆಗೆ ಬಂದಿದ್ದು ಅಡುಗೆ ಮಾಡಲಿಕ್ಕಲ್ಲ, ನಾನು ದುಂದು ಮಾಡದಂತೆ ಕಾಯಲಿಕ್ಕೆ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ.

ನಾನು ಹೊಸಬಾಳೆಯವಳು. ಮದುವೆಯಾದ ಮರುವರ್ಷವೇ ಅಪ್ಪ ಹೋದ. ಅಣ್ಣ ಗೇಣಿ ಜಮೀನು ಬಿಟ್ಟುಕೊಟ್ಟು ಸಾಗರದ ಕಡೆ ಹೋದ. ಊರಿನಲ್ಲಿ ನಮ್ಮದು ಎನ್ನಲು ಒಲೆಯೂ ಉಳಿಯಲಿಲ್ಲ. ತವರು ಅಂತ ನನಗೆ ಉಳಿದಿದ್ದು ಸೊರಬದ ಸಂತೆಯಲ್ಲಿ ಹಾಸಿರುತ್ತಿದ್ದ ಒಂದು ಗೋಣಿತಾಟು. ಅದರ ಹಿಂದೆ ಕುಳಿತು ತರಕಾರಿ ಮಾರುತ್ತಿದ್ದವನು ನಮ್ಮ ಹೊಲದ ಪಕ್ಕದವನು. ರಕ್ತಸಂಬಂಧವೇನಲ್ಲ, ಜಾತಿಯೂ ಬೇರೆ. ಆದರೆ ನಾನು ಮಾತು ಕಲಿತಾಗಿನಿಂದ ಅವನನ್ನು ಚಿಕ್ಕಪ್ಪ ಎಂದೇ ಕರೆದವಳು. ಬೆಳಕು ಹರಿಯುವ ಮೊದಲೇ ತರಕಾರಿ ಬುಟ್ಟಿಗಳ ಅಡ್ಡೆಯನ್ನು ಹೆಗಲ ಮೇಲೆ ಹೊತ್ತು ಊರು ಬಿಟ್ಟು, ನಡೆದೇ ಬರುತ್ತಿದ್ದ.

ಮೊದಲ ಸಲ ನನ್ನನ್ನು ಕಂಡಾಗ ಅವನ ಮುಖ ಅರಳಿದ್ದು ನೋಡಿ ನನಗೆ ಅಳುವೇ ಬಂತು. ಬದನೆ, ಹೀರೆ, ಮೂಲಂಗಿ ಎಂದು ಚೀಲ ತುಂಬಿಸಿದ. ನಾನು ಗಂಟಿಗೆ ಹಲ್ಲು ಹಚ್ಚಿದ್ದೇ ತಡ, ಕೈ ಹಿಡಿದ.

"ಮನೆ ಮಗಳ ಹತ್ರ ದುಡ್ಡು ತಗಂಡೆ ಅಂದ್ರೆ ನಿಮ್ಮಪ್ಪ ಇದ್ದಿದ್ರೆ ನನ್ನ ಮಾತಾಡಿಸ್ತಿದ್ನೇನವ್ವಾ?"

ಗಂಟು ಬಿಚ್ಚದೆ ಮನೆಗೆ ಬಂದೆ. ಸುಳ್ಳೇಕೆ, ಆ ದಿನ ಹೆಮ್ಮೆಯೇ ಆಗಿತ್ತು. ನನಗೂ ಹಿಂದೆ ಮುಂದೆ ಯಾರೋ ಇದ್ದಾರೆ ಎಂದು ಅತ್ತೆಗೆ ತೋರಿಸಿದ ಹಾಗಾಯಿತು. ಅತ್ತೆ ಗಂಟನ್ನು ಮುಟ್ಟಿ ನೋಡಿ, ಬೀಗರ ಊರಿನವರು ಒಳ್ಳೆಯ ಜನ ಎಂದರು. ಮುಂದಿನ ಸಂತೆಯಲ್ಲೂ ಅದೇ ಆಯಿತು. ಅದರ ಮುಂದಿನ ಸಂತೆಗೆ ಅವರು ಕೊಟ್ಟ ಬಟ್ಟೆಯಲ್ಲಿ ಎರಡೇ ಗಂಟಿದ್ದವು.

ತರಕಾರಿಯ ದುಡ್ಡೆಲ್ಲಿ ಎಂದು ಕೇಳಿದೆ.

"ನಿಮ್ಮೂರಾಂವ ಅದಾನಲ್ಲವ್ವಾ," ಎಂದರು ಅತ್ತೆ.

ಕುಹಕವಿರಲಿಲ್ಲ ಆ ಮಾತಿನಲ್ಲಿ. ಉಳಿಯುವ ಕಡೆ ಉಳಿಸಿ, ಅದನ್ನು ಕಿರಿಯ ಮಗನ ಪುಸ್ತಕಕ್ಕೆ ಕಳಿಸುವ ಯೋಚನೆ ಅವರದು. ನಾನು ಆಗಲೇ ಹೇಳಬೇಕಿತ್ತು: ಅವನು ಬಡವ, ಆ ಗೋಣಿತಾಟಿನ ಮೇಲಿರುವುದೇ ಅವನ ವಾರದ ಗಂಜಿ ಎಂದು. ಹೇಳಲಿಲ್ಲ. ಹೇಳಿದರೆ ನನ್ನ ತವರಿನ ಕಡೆ ಇದ್ದ ಒಬ್ಬನೇ ಒಬ್ಬನೂ ಗತಿಯಿಲ್ಲದವನು ಎಂದಾಗುತ್ತಿತ್ತು. ತವರಿನ ಮಾನ ಉಳಿಸಲು ಬಾಯಿ ಮುಚ್ಚಿಕೊಂಡೆ. ಆ ಮಾನದ ಖರ್ಚನ್ನು ಚಿಕ್ಕಪ್ಪ ಭರಿಸಿದ.

ಆಮೇಲಿನ ಸಂತೆಗಳನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಬೆಲ್ಲ ಕೊಳ್ಳಲು ಹೊರಟವಳ ಹಾಗೆ ಅವನ ಮುಂದೆ ಹಾದುಹೋಗುತ್ತಿದ್ದೆ. ಕರೆಯಲಿ ಎಂದೇ ಹಾದುಹೋಗುತ್ತಿದ್ದೆ. ಅವನು ಕರೆಯುತ್ತಿದ್ದ. ನಾನು ಬೇಡ ಬೇಡ ಎನ್ನುತ್ತಲೇ ಚೀಲದ ಬಾಯಿ ಅಗಲಿಸುತ್ತಿದ್ದೆ. ಆ ಬೇಡ ಎನ್ನುವ ಮಾತಿನಷ್ಟು ನಾಚಿಕೆಗೇಡಿನ ಮಾತನ್ನು ನಾನು ಬದುಕಿನಲ್ಲಿ ಇನ್ನೊಂದು ಆಡಿಲ್ಲ.

ಬೇಸಿಗೆ ಬಂತು. ಬಾವಿಯ ನೀರು ತಳ ಕಂಡು ಅವನ ತರಕಾರಿಯೂ ಕಡಿಮೆಯಾಯಿತು. ಒಂದು ಸಂತೆಯ ದಿನ ಗೋಣಿತಾಟಿನ ಮೇಲೆ ಬದನೆಕಾಯಿಯ ಸಣ್ಣದೊಂದು ಗುಡ್ಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಚೀಲಕ್ಕೆ ಹಾಕಿದ. ಪಕ್ಕದಲ್ಲೇ ಒಬ್ಬಳು ಹೆಂಗಸು ದುಡ್ಡು ಹಿಡಿದು ನಿಂತಿದ್ದಳು. ಎಲ್ಲ ತಾನೇ ಕೊಳ್ಳುತ್ತೇನೆ ಎಂದಳು. ಇವು ಕೊಟ್ಟಾಯಿತು ಎಂದ ಚಿಕ್ಕಪ್ಪ. ಅವಳು ಉಳಿದ ಕಾಯಿಗಳನ್ನು ನೋಡಿ ಮುಂದಕ್ಕೆ ಹೋದಳು. ಅವನು ಮಾತ್ರ ನಗುತ್ತಲೇ ಇದ್ದ.

ಮುಂದಿನ ವಾರದಿಂದ ಆ ಕಡೆ ಹೋಗುವುದನ್ನೇ ಬಿಟ್ಟೆ. ಅತ್ತೆಯ ಕಾನೂನು ಮುರಿದು ಮೆಣಸಿನಕಾಯಿಯ ಗಂಟನ್ನು ಬಿಚ್ಚಿ, ಸಂತೆಯ ಆ ತುದಿಯಲ್ಲಿ ಬಾಡಿದ ತರಕಾರಿ ಕೊಂಡೆ. ಮೆಣಸಿನಕಾಯಿ ತುಟ್ಟಿ ಎಂದು ಮನೆಯಲ್ಲಿ ಹೇಳಿದೆ. ಅತ್ತೆ ವ್ಯಾಪಾರಿಗೆ ಶಾಪ ಹಾಕಿದರು, ಗಂಡ ಸಪ್ಪೆ ಸಾರು ಉಂಡು ಕೈ ತೊಳೆದರು. ದೂರದಿಂದ ಚಿಕ್ಕಪ್ಪ ಕತ್ತು ಎತ್ತಿ ಜನರ ನಡುವೆ ಹುಡುಕುವುದು ಕಾಣುತ್ತಿತ್ತು. ನಾನು ಸೆರಗು ತಲೆಯ ಮೇಲೆಳೆದುಕೊಂಡು ಯಾರದೋ ಬೆನ್ನ ಹಿಂದೆ ಸರಿಯುತ್ತಿದ್ದೆ. ಸಂಜೆಗೆ ಅವನಿಗೆ ನಾಲ್ಕು ಕಾಸು ಉಳಿಯಲಿ ಎಂದು ಹೀಗೆ ಮಾಡುತ್ತಿದ್ದೇನೆ ಎಂಬ ಸಮಾಧಾನ ಬೇರೆ.

ಹೀಗೆ ಕೆಲವು ವಾರ ಕಳೆದ ಮೇಲೆ, ಸಂತೆ ಮುಗಿಸಿಕೊಂಡು ಅವನು ನಮ್ಮ ಮನೆಯನ್ನೇ ಹುಡುಕಿಕೊಂಡು ಬಂದ. ಬುಟ್ಟಿಯಲ್ಲಿ ಎಳೆಯ ಬದನೆ, ಮೇಲೊಂದು ಹಸಿ ಬಾಳೆಲೆ. ಜಗಲಿಯ ತುದಿಯಲ್ಲಿ ಕುಳಿತು ಅತ್ತೆಗೆ ಕೈಮುಗಿದ.

"ಹ್ವಾದ ಸಲ ಕೊಟ್ಟಿದ್ರಲ್ಲಿ ಹುಳ ಗಿಳ ಇತ್ತೇನ್ರಿ ಅಮ್ಮಾ? ಮಗಳು ನಮ್ಮ ಕಡೆ ತಿರುಗಿ ನೋಡ್ತಾ ಇಲ್ಲ. ಅದಕ್ಕೆ ಒಂದೊಂದೇ ಆರಿಸಿ ತಂದೀನಿ."

ಅತ್ತೆ ನನ್ನನ್ನು ನೋಡಿದರು. ಮೆಣಸಿನಕಾಯಿ ಯಾಕೆ ತುಟ್ಟಿಯಾಗಿತ್ತು ಎಂಬುದು ಅವರಿಗೆ ಆಗ ತಿಳಿಯಿತು. ಆಮೇಲೆ ಅವನ ಒಡೆದ ಹಿಮ್ಮಡಿಯನ್ನೂ ತೇಪೆ ಹಾಕಿದ ಅಂಗಿಯನ್ನೂ ನೋಡಿದರು. ಅವರ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಮುಷ್ಟಿಯಲ್ಲಿ ದುಡ್ಡು ತಂದು ಅವನ ಮುಂದೆ ಹಿಡಿದರು. ಇಷ್ಟು ದಿನದ ತರಕಾರಿಯದು, ನಮಗೆ ತಿಳಿಯಲಿಲ್ಲ, ತೆಗೆದುಕೊಳ್ಳಿ ಎಂದರು. ಅತ್ತೆ ಲೆಕ್ಕ ಮಾಡದೆ ಕೊಟ್ಟ ದುಡ್ಡನ್ನು ನಾನು ಕಂಡಿದ್ದು ಅದೊಂದೇ ಸಲ.

ಅವನು ದುಡ್ಡನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ನೀನೇ ಹೇಳಿದ್ಯೇನವ್ವಾ, ಕೊಟ್ಟು ಕಳಿಸಿ ಅಂತ?"

ಇಲ್ಲ ಎಂದರೆ ಅತ್ತೆಯನ್ನು ಬಿಟ್ಟುಕೊಟ್ಟ ಹಾಗೆ. ಹೌದು ಎಂದರೆ ಅವನನ್ನು. ನಾನು ಬಾಗಿಲ ಚೌಕಟ್ಟು ಹಿಡಿದು ನೆಲ ನೋಡುತ್ತ ನಿಂತೆ. ಅವನು ಬುಟ್ಟಿಯನ್ನು ಜಗಲಿಯ ಮೇಲೆ ಮಗುಚಿ, ದುಡ್ಡು ಮುಟ್ಟದೆ, ಬಂದಾಗಲೇ ನಾನು ತಂದಿಟ್ಟಿದ್ದ ಮಜ್ಜಿಗೆಯನ್ನೂ ಕುಡಿಯದೆ ಎದ್ದು ಹೋದ.

ಅತ್ತೆ ನನಗೆ ಬೈಯಲಿಲ್ಲ. ಮುಂದಿನ ಸಂತೆಗೆ ತರಕಾರಿಯ ಗಂಟನ್ನು ಮೊದಲಿಗಿಂತ ದಪ್ಪವಾಗಿ ಕಟ್ಟಿಕೊಟ್ಟು, ಅವನ ಹತ್ತಿರವೇ ತೆಗೆದುಕೋ, ಏನೇ ಆಗಲಿ ದುಡ್ಡು ಕೊಟ್ಟೇ ಬಾ ಎಂದರು. ದಾರಿಯುದ್ದಕ್ಕೂ ಅವನು ನನ್ನ ಕೈ ಹಿಡಿದು ತಡೆದರೆ ಏನು ಹೇಳಬೇಕು ಎಂದು ಮಾತು ಜೋಡಿಸಿಕೊಂಡು ಹೋದೆ.

ಅವನು ತಡೆಯಲಿಲ್ಲ. ನನಗಿಂತ ಮುಂಚೆ ಬಂದವಳಿಗೆ ಹೇಳಿದ ಬೆಲೆಯನ್ನೇ ನನಗೂ ಹೇಳಿದ. ಬದನೆಕಾಯಿ ತೂಗಿ ಚೀಲಕ್ಕೆ ಹಾಕಿದ. ನಾನು ಕೊಟ್ಟ ದುಡ್ಡನ್ನು ಸೊಂಟದ ಚೀಲಕ್ಕೆ ಸೇರಿಸಿ, ಮಿಕ್ಕ ಚಿಲ್ಲರೆಯನ್ನು ನನ್ನ ಅಂಗೈ ಮೇಲಿಟ್ಟ.

"ಸರಿ ಐತಾ ನೋಡ್ಕಳ್ರಿ," ಎಂದ.

ನಾನು ನೋಡಿಕೊಂಡೆ. ಅವನ ಎದುರಿಗೇ ನಿಂತು ಒಂದೊಂದಾಗಿ ಎಣಿಸಿದೆ.