ಕೆಂಪಮ್ಮನಿಗೆ ಹಿಡಿದ ದಿಗಿಲು

ಕಾಡಂಚಿನ ದಾರಿಯಲ್ಲಿ ಒಬ್ಬರೇ ನಡೆಯುವಾಗ ಕೆಂಪಮ್ಮ, ಆನೆಗಳಿಗೆ ಕೇಳಲೆಂದು, ಗಟ್ಟಿಯಾಗಿ ಮಾತಾಡಿಕೊಂಡು ಹೋಗುತ್ತಿದ್ದರು. "ಎರಿಗೆ ಮಾಡ್ಸಕ್ಕೆ ವೋಯ್ತಾ ಇವ್ನಿ, ದಾರಿ ಬುಡಪ್ಪ." ಅಂತರಸಂತೆಯಿಂದ ಕಾಕನಕೋಟೆಯವರೆಗಿನ ಹಳ್ಳಿಗಳಲ್ಲಿ, ಕಾಡಿನ ಜನರ ಹಾಡಿಗಳಲ್ಲಿ ಅವರ ಕೈಗೆ ಬಾರದೆ ಹುಟ್ಟಿದ ಕೂಸು ಕಡಿಮೆ. ನೋವು ಶುರುವಾಯಿತೆಂದು ಯಾರಾದರೂ ಬಂದರೆ ಉಣ್ಣುತ್ತಿದ್ದ ಮುದ್ದೆ ಬಿಟ್ಟು ಏಳುತ್ತಿದ್ದರು.

ಅರವತ್ತರ ದಶಕದ ಕೊನೆಯಲ್ಲಿ ನಾನು ಕೆಂಪಮ್ಮನ ಊರಿನ ಶಾಲೆಗೆ ಟೀಚರಾಗಿ ಹೋದಾಗ ಅವರ ಪಕ್ಕದ ಮನೆಯೇ ಬಾಡಿಗೆಗೆ ಸಿಕ್ಕಿತು. ಎರಡನೇ ವರ್ಷ ಬಸುರಿಯಾದೆ. ನನ್ನ ಹೊಟ್ಟೆ ಮುಟ್ಟಿ ನೋಡಿ, "ನಾನಿವ್ನಿ, ನಿಂಗ್ಯಾಕವ್ವ ಯೋಚ್ನೆ" ಅಂದಿದ್ದರು.

ಆ ಬೇಸಿಗೆಯಲ್ಲಿ ಯಾರೋ ಜೀಪಿನಲ್ಲಿ ಬಂದು ಹೊಳೆಯಾಚೆ ಡೇರೆ ಹಾಕಿದರು. ಅಣುಶಕ್ತಿಯಿಂದ ಕರೆಂಟು ಮಾಡುವ ಕಾರ್ಖಾನೆ ಇಲ್ಲಿಗೆ ಬರುತ್ತದಂತೆ ಎಂದು ಸಂತೆಯಲ್ಲಿ ಸುದ್ದಿ ಹಬ್ಬಿತು. ಹಾಗಂದರೇನು ಎಂದು ಕೆಂಪಮ್ಮ ನನ್ನನ್ನು ಕೇಳಿದರು. ನಾನು ಎಲ್ಲ ತಿಳಿದವಳ ಹಾಗೆ ಜಪಾನಿನ ಮೇಲೆ ಬಿದ್ದ ಬಾಂಬಿನ ಕಥೆ ಹೇಳಿದೆ. ಕಣ್ಣಿಗೆ ಕಾಣದ ಅದರ ವಿಕಿರಣ ಹೊಟ್ಟೆಯೊಳಗಿನ ಕೂಸುಗಳನ್ನೂ ಬಿಡಲಿಲ್ಲ, ಊನವಾಗಿ ಹುಟ್ಟಿದವು ಎಂದುಬಿಟ್ಟೆ. ಕಾರ್ಖಾನೆ ಬೇರೆ, ಬಾಂಬು ಬೇರೆ ಎಂದು ಆಮೇಲೆ ಸೇರಿಸಿದ್ದು ಅವರ ಕಿವಿಗೆ ಹೋಗಲೇ ಇಲ್ಲ.

"ಆನೆ ಬಂದ್ರೆ ವಾಸ್ನೆ ಬತ್ತದೆ, ಕೊಂಬೆ ಮುರ್ಯೋ ಸದ್ದು ಕೇಳ್ತದೆ. ಇದು ಬಂದದ್ದು ಎಂಗವ್ವ ಗೊತ್ತಾಯ್ತದೆ?"

"ಗೊತ್ತಾಗಲ್ಲ," ಅಂದೆ. ಹಾಗೆಂದ ಮೇಲೆ ನನಗೂ ದಿಗಿಲು ಶುರುವಾಯಿತು. ಕೂಸು ಸ್ವಲ್ಪ ಹೊತ್ತು ಮಿಸುಕದಿದ್ದರೆ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ಎಬ್ಬಿಸುತ್ತಿದ್ದೆ.

ಒಂದು ದಿನ ಜೀಪು ನಮ್ಮ ಬೀದಿಗೇ ಬಂತು. ಇಳಿದ ಎಳೆಯ ಇಂಜಿನಿಯರನ ಕೈಯಲ್ಲಿ ವಿಕಿರಣ ಅಳೆಯುವ ಒಂದು ಪೆಟ್ಟಿಗೆ. ಕಲ್ಲಿನ ಹತ್ತಿರ ಹಿಡಿದರೆ ಅದು ಟಿಕ್ ಟಿಕ್ ಎನ್ನುತ್ತಿತ್ತು. ಕೆಂಪಮ್ಮ ಅವನನ್ನು ಹಿತ್ತಲಿಗೆ ಕರೆದೊಯ್ದು ಒಂದು ಚಪ್ಪಡಿ ತೋರಿಸಿದರು. ಕೂಸುಗಳನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವಾಗ ಅವರು ಕೂರುತ್ತಿದ್ದದ್ದು ಅದರ ಮೇಲೆಯೇ. ಪೆಟ್ಟಿಗೆ ಅಲ್ಲೂ ಟಿಕ್ ಎಂದಿತು.

"ಎಲ್ಲಾ ಕಲ್ಲಲ್ಲೂ ಒಂದಿಷ್ಟು ಇರುತ್ತೆ ಅಜ್ಜಿ. ಏನೂ ಆಗಲ್ಲ," ಎಂದು ಅವನು ನಕ್ಕ.

"ಕಾರ್ಕಾನೆ ಬಂದ್ಮೇಲೆ ನಿನ್ ಎಡ್ತೀನ ಎರಿಗೆಗೆ ಇಲ್ಲಿಗೆ ಕರ್ಕೊಂಬತ್ತೀಯಾ ಮಗ?"

ಅವನು ಪೆಟ್ಟಿಗೆಯ ಮುಚ್ಚಳ ಹಾಕಿ ಜೀಪು ಹತ್ತಿದ.

ಮರುದಿನವೇ ಕೆಂಪಮ್ಮ ಆ ಚಪ್ಪಡಿಯನ್ನು ಎತ್ತಿಸಿ ಊರಾಚೆ ಹಾಕಿಸಿದರು. ನನ್ನ ಹೆರಿಗೆಗೆ ಅವರೇ ಬಂದರು. ಮಗು ಅತ್ತ ಮೇಲೂ ಗಂಡೋ ಹೆಣ್ಣೋ ಹೇಳಲಿಲ್ಲ. ಬೆರಳುಗಳನ್ನು ಎಣಿಸಿದರು, ತುಟಿ ಬಿಡಿಸಿ ನೋಡಿದರು, ಬೆನ್ನು ಸವರಿದರು. ಮತ್ತೆ ಮೊದಲಿನಿಂದ ಎಣಿಸಿದರು.

"ಯಾಕೆ ಸುಮ್ಮನಿದ್ದೀರಿ ಕೆಂಪಮ್ಮ? ಏನಾದರೂ ಹೇಳಿ."

"ಎಲ್ಲಾ ಸರಿಯಾಗದೆ ಕಣವ್ವ. ಎಣ್ಣು ಮಗ," ಎಂದು ಗೋಡೆಗೆ ಒರಗಿ ಅತ್ತರು.

ಅದೇ ಅವರು ಮಾಡಿಸಿದ ಕೊನೆಯ ಹೆರಿಗೆ. ಆಮೇಲೆ ಯಾರು ಕರೆದರೂ ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದರು. ಕೂಸು ಕೈಗೆ ಬರುವ ಗಳಿಗೆಯಲ್ಲಿ ಕಣ್ಣು ಬಿಡಲು ಹೆದರಿಕೆಯಾಗುತ್ತದೆ ಎಂದು ನನ್ನೊಬ್ಬಳಿಗೆ ಮಾತ್ರ ಹೇಳಿದರು.

ಮಳೆ ಹಿಡಿಯುತ್ತಲೇ ಡೇರೆಗಳನ್ನು ಕಿತ್ತುಕೊಂಡು ಅವರೆಲ್ಲ ಹೋದರು. ಕಾರ್ಖಾನೆ ಬರಲಿಲ್ಲ. ನನಗೆ ಕೆ.ಆರ್. ನಗರಕ್ಕೆ ವರ್ಗವಾಯಿತು.

ಎರಡು ವರ್ಷ ಕಳೆದು ತಾಲ್ಲೂಕು ಕೇಂದ್ರವಾದ ಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಕೆಂಪಮ್ಮ ಸಿಕ್ಕರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ತುಂಬಾ ಬಡವಾಗಿದ್ದರು. ನನ್ನ ಮಗಳ ಕೆನ್ನೆ ಸವರಿ, ಮೆಲ್ಲಗೆ, "ಅವ್ರು ಮತ್ತೆ ಬತ್ತಾರಾ ಟೀಚರಮ್ಮ?" ಎಂದರು.

"ಇಲ್ಲ ಬಿಡಿ, ಇನ್ನು ಬರಲ್ಲ."

"ಬರಾಕಿಲ್ಲ ಅಂತ ನಿಂಗ್ಯಾರವ್ವ ಯೋಳಿದ್ರು?"

ನನಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಮೈಸೂರು ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ನೋಡಿದರೆ, ಅವರು ಇನ್ನೂ ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು.